ನೆತ್ತರಿನಲ್ಲಿ ಗಂಟಿನ ಗುರುತು: ಒಂದೂವರೆ ಶತಮಾನದ ಹುಡುಕಾಟ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿ ಬಂದರೆ ನಮ್ಮ ಕುಳಗೇರಿ ಕ್ರಾಸ್. ಇಲ್ಲಿಂದ ಒಂದು ದಾರಿ ಬಾದಾಮಿಗೆ ಹೊರಳುತ್ತದೆ. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಈ ಕ್ರಾಸಿಗೆ ಬಂದೇ ಬಸ್ಸು ಹಿಡಿಯಬೇಕು. ದಕ್ಷಿಣಕ್ಕೆ ಹೋದರೆ ಹುಬ್ಬಳ್ಳಿ, ಉತ್ತರಕ್ಕೆ ಕೆರೂರು ದಾಟಿ ಬಾಗಲಕೋಟೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಫೈಲು, ಫೈಲಿನೊಳಗೆ ರಕ್ತದ ರಿಪೋರ್ಟು.

ಸ್ತನ ಕ್ಯಾನ್ಸರ್ ಬಗ್ಗೆ ಬರೆಯುತ್ತೇವೆ ಎಂದಾಗ ಹೆಣ್ಣುಮಕ್ಕಳು ನಮ್ಮನ್ನು ಹೆಚ್ಚು ಕೇಳಿದ್ದು ಒಂದೇ ಪ್ರಶ್ನೆ. "ಎದ್ಯಾಗ ಗಂಟು ಐತೋ ಇಲ್ಲೋ ಅಂತ ರಗತ ಚೆಕ್ ಮಾಡಿದ್ರ ಗೊತ್ತಾಗಂಗಿಲ್ಲೇನ್ರಿ?"

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಕ್ಕರೆ ಕಾಯಿಲೆ ರಕ್ತದಲ್ಲಿ ಗೊತ್ತಾಗುತ್ತದೆ. ಡೆಂಗಿ, ಎಚ್‌ಐವಿ, ಥೈರಾಯ್ಡ್ ಎಲ್ಲವೂ ಗೊತ್ತಾಗುತ್ತವೆ. ಬೆರಳಿಗೋ ತೋಳಿಗೋ ಸೂಜಿ ಚುಚ್ಚಿಸಿಕೊಂಡರೆ ಮುಗಿಯಿತು. ಕುಪ್ಪಸ ಬಿಚ್ಚಿ ಪರ ಗಂಡಸಿನ ಮುಂದೆ ಕೂರುವ ಸಂಕಟ ಇಲ್ಲ. ಎದೆಯ ವಿಷಯ ಅತ್ತೆಗೆ ಹೇಳಲೂ ನಾಚುವ ನಮ್ಮ ಮನೆಗಳಲ್ಲಿ ಇಂಥ ಒಂದು ಪರೀಕ್ಷೆ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂದು ನಮಗೂ ಅನಿಸುತ್ತದೆ.

ಈ ಪ್ರಶ್ನೆ ಕೇಳಿದವರು ನಮ್ಮ ಅಕ್ಕತಂಗಿಯರು ಮಾತ್ರ ಅಲ್ಲ. ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ನೂರೈವತ್ತು ವರ್ಷಗಳಿಂದ ಇದನ್ನೇ ಕೇಳುತ್ತಿದ್ದಾರೆ. ಅವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬ ಕಥೆ ಗೊತ್ತಿದ್ದರೆ ಕೈಯಲ್ಲಿರುವ ರಿಪೋರ್ಟನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.

1869ನೇ ಇಸವಿ. ಆಗ ನಮ್ಮ ಬಾದಾಮಿ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿತ್ತು. ಹೌದು, ಈಗ ದಾಳಿಂಬೆಗೆ ಹೆಸರಾದ ಆ ಕಲಾದಗಿಯೇ ಆಗ ಜಿಲ್ಲಾ ಕೇಂದ್ರ. ಅದೇ ವರ್ಷ ದೂರದ ಆಸ್ಟ್ರೇಲಿಯಾದ ಮೆಲ್ಬರ್ನ್ ಆಸ್ಪತ್ರೆಯಲ್ಲಿ ಥಾಮಸ್ ಆಶ್‌ವರ್ತ್ ಎಂಬ ವೈದ್ಯ ಕ್ಯಾನ್ಸರಿನಿಂದ ಸತ್ತ ಒಬ್ಬ ಗಂಡಸಿನ ಶವಪರೀಕ್ಷೆ ಮಾಡುತ್ತಿದ್ದ. ಆ ಮನುಷ್ಯನ ಎದೆ ಹೊಟ್ಟೆಯ ಚರ್ಮದ ಕೆಳಗೆಲ್ಲ ಗಡ್ಡೆಗಳು. ಆಶ್‌ವರ್ತ್ ಆತನ ಕಾಲಿನ ರಕ್ತನಾಳದಿಂದ ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ರಕ್ತದ ಕಣಗಳ ನಡುವೆ ದೊಡ್ಡ ದೊಡ್ಡ ವಿಚಿತ್ರ ಕೋಶಗಳು ಕಂಡವು. ಗಡ್ಡೆಯಲ್ಲಿದ್ದ ಕೋಶಗಳೂ ಇವೂ ಒಂದೇ ತೆರನಾಗಿದ್ದವು.

ಎದೆಯ ಗಡ್ಡೆಯ ಕೋಶ ಕಾಲಿನ ರಕ್ತಕ್ಕೆ ಬರಬೇಕಾದರೆ ಅದು ದೇಹದ ತುಂಬ ಹರಿದಾಡಿರಬೇಕು. ಅಂದರೆ ಗಡ್ಡೆ ತನ್ನ ಗುರುತನ್ನು ರಕ್ತದಲ್ಲಿ ಬಿಡುತ್ತದೆ. ಈ ವಿಚಾರಕ್ಕೆ ಮೂಲ ಈ ಒಂದು ಶವಪರೀಕ್ಷೆ. ಆದರೆ ಒಂದು ಮಾತು ನೆನಪಿಡಿ. ಆ ಮನುಷ್ಯನ ರೋಗ ಕೊನೆ ಮುಟ್ಟಿತ್ತು. ಗುರುತು ಕಂಡಿದ್ದು ಜೀವ ಹೋದ ಮೇಲೆ. ಮುಂದಿನ ಒಂದೂವರೆ ಶತಮಾನದ ಕಥೆಯಲ್ಲಿ ಈ ತೊಡಕು ಮತ್ತೆ ಮತ್ತೆ ಬರುತ್ತದೆ.

ರಕ್ತದಲ್ಲಿ ಬರೀ ಕೋಶಗಳಲ್ಲ, ಇನ್ನೂ ಸಣ್ಣ ಗುರುತುಗಳೂ ಇವೆ ಎಂದು ಗೊತ್ತಾಗಿದ್ದು 1948ರಲ್ಲಿ. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ವರ್ಷ ಅದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಮ್ಯಾಂಡೆಲ್ ಮತ್ತು ಮೆಟೆ ಎಂಬಿಬ್ಬರು ರಕ್ತದ ತಿಳಿಯಲ್ಲಿ ಡಿಎನ್ಎ ಚೂರುಗಳು ತೇಲುತ್ತಿರುವುದನ್ನು ತೋರಿಸಿದರು. ಡಿಎನ್ಎ ಎಂದರೆ ಪ್ರತಿ ಕೋಶದೊಳಗೆ ಇರುವ ವಂಶದ ಬರಹ. ಕೋಶ ಸತ್ತಾಗ ಆ ಬರಹ ಹರಿದು ಚೂರಾಗಿ ರಕ್ತಕ್ಕೆ ಬೀಳುತ್ತದೆ. ಆಗ ಇದಕ್ಕೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ಸುಮಾರು ಮೂವತ್ತು ವರ್ಷದ ನಂತರ, 1977ರಲ್ಲಿ, ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಈ ಚೂರುಗಳು ಹೆಚ್ಚಿರುತ್ತವೆ ಎಂದು ಅಮೆರಿಕದಲ್ಲಿ ಅಳೆದು ತೋರಿಸಿದರು. ಅಲ್ಲೂ ಒಂದು ಕೊಕ್ಕೆ. ರೋಗಿಗಳಲ್ಲಿ ಸುಮಾರು ಅರ್ಧ ಜನರ ಮಟ್ಟ ಆರೋಗ್ಯವಂತರ ಮಟ್ಟದಷ್ಟೇ ಇತ್ತು.

ಈ ನಡುವೆ ಕೆನಡಾದಲ್ಲಿ ಒಂದು ದೊಡ್ಡ ಆಸೆ ಹುಟ್ಟಿತ್ತು. ಮಾಂಟ್ರಿಯಲ್ ನಗರದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಒಂದು ವಸ್ತು ಕಂಡುಹಿಡಿದರು. ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಕರುಳಿನಲ್ಲಿ ಇರುವ ಆ ವಸ್ತು ಕ್ಯಾನ್ಸರ್ ಬಂದಾಗ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೆ ಸಿಇಎ ಎಂದು ಹೆಸರು. 1969ರಲ್ಲಿ ಅವರ ತಂಡ ರಕ್ತದಲ್ಲೇ ಅದನ್ನು ಅಳೆಯಿತು. ಕರುಳಿನ ಕ್ಯಾನ್ಸರ್ ಇದ್ದ 36 ಜನರಲ್ಲಿ 35 ಜನರ ರಕ್ತದಲ್ಲಿ ಸಿಕ್ಕಿತು! ಇನ್ನು ಮುಂದೆ ಕ್ಯಾನ್ಸರ್ ಪತ್ತೆಗೆ ಒಂದು ಹನಿ ರಕ್ತ ಸಾಕು ಎಂಬ ಮಾತು ಎಲ್ಲೆಡೆ ಹಬ್ಬಿತು.

ಬೇರೆಯವರು ಅಳೆದು ನೋಡಿದಾಗ ಬಣ್ಣ ಬಯಲಾಯಿತು. ಬೀಡಿ ಸಿಗರೇಟು ಸೇದುವವರ ರಕ್ತದಲ್ಲೂ ಸಿಇಎ ಏರಿರುತ್ತದೆ. ಲಿವರ್ ಕೆಟ್ಟವರಲ್ಲೂ ಏರುತ್ತದೆ. ಎದೆ, ಶ್ವಾಸಕೋಶ ಮತ್ತಿತರ ಕ್ಯಾನ್ಸರುಗಳಲ್ಲೂ ಏರುತ್ತದೆ. ರೋಗ ಚಿಕ್ಕದಿದ್ದಾಗ ಹಲವರಲ್ಲಿ ಏರುವುದೇ ಇಲ್ಲ. ಹಾಗೆಂದು ಆ ಪರೀಕ್ಷೆ ಕಸಕ್ಕೆ ಹೋಗಲಿಲ್ಲ. ಆಪರೇಷನ್ ಆದ ಮೇಲೆ ರೋಗ ಮರಳಿತೇ ಎಂದು ನೋಡಲು ಇಂದಿಗೂ ಬಳಸುತ್ತಾರೆ. ಹುಡುಕಿದ್ದು ಒಂದು ಕೆಲಸಕ್ಕೆ, ದಕ್ಕಿದ್ದು ಇನ್ನೊಂದಕ್ಕೆ.

ಸ್ತನ ಕ್ಯಾನ್ಸರಿಗೆ ಅಂತಲೇ ಒಂದು ಗುರುತು ಸಿಕ್ಕಿದ ಬಗೆ ಸ್ವಾರಸ್ಯವಾಗಿದೆ. ಹೈನ ಗೊತ್ತಿರುವ ನಮ್ಮ ಜನಕ್ಕೆ ಇದು ಸುಲಭವಾಗಿ ತಿಳಿಯುತ್ತದೆ. ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ. ಕಡೆದಾಗ ಆ ಹನಿಗಳೇ ಕೂಡಿ ಬೆಣ್ಣೆಯಾಗುತ್ತದೆ. ತಾಯಿಯ ಎದೆಹಾಲಿನಲ್ಲೂ ಅಷ್ಟೆ. ಪ್ರತಿ ಹನಿಯ ಮೇಲೆ ಒಂದು ತೆಳು ಪೊರೆ. ಹಾಲು ತಯಾರಿಸುವ ಕೋಶದಿಂದ ಹೊರಬರುವಾಗ ಹನಿ ಆ ಕೋಶದ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ.

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದು ಹೊಸ ಕಸುಬು ಕಂಡುಕೊಂಡರು. ಬೇಕಾದ ಒಂದೇ ವಸ್ತುವಿಗೆ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ಕಸುಬು ಅದು. ಬೀಗಕ್ಕೆ ತಕ್ಕ ಕೀಲಿ ಮಾಡಿದಂತೆ. 1984ರಲ್ಲಿ ಇದಕ್ಕೆ ನೊಬೆಲ್ ಬಂತು. ಈ ಕಸುಬು ಕೈಗೆ ಬಂದ ಮೇಲೆ ನೆದರ್ಲೆಂಡ್ಸಿನ ವಿಜ್ಞಾನಿಗಳು ಎದೆಹಾಲಿನ ಕೊಬ್ಬಿನ ಹನಿಯ ಪೊರೆಗೆ ಅಂಟುವ ಒಂದು ಪ್ರತಿಕಾಯ ಮಾಡಿದರು. ಅದರ ಹೆಸರು 115ಡಿ8. ಅಮೆರಿಕದ ಬಾಸ್ಟನ್ನಿನಲ್ಲಿ ಡೊನಾಲ್ಡ್ ಕೂಫ್ ತಂಡ ಲಿವರಿಗೆ ಹಬ್ಬಿದ ಸ್ತನ ಕ್ಯಾನ್ಸರಿನಿಂದ ಇನ್ನೊಂದು ಮಾಡಿತು. ಅದರ ಹೆಸರು ಡಿಎಫ್3. ಎರಡೂ ಪ್ರತಿಕಾಯಗಳು ಹಿಡಿದದ್ದು ಒಂದೇ ವಸ್ತುವನ್ನು. ಹಾಲಿನ ಕೋಶದ ಮೇಲ್ಮೈಯಲ್ಲಿರುವ ಆ ಪ್ರೋಟೀನನ್ನು ಗಡ್ಡೆ ಅತಿಯಾಗಿ ತಯಾರಿಸಿ ರಕ್ತಕ್ಕೆ ಉದುರಿಸುತ್ತದೆ. 1980ರ ದಶಕದಲ್ಲಿ ಎರಡನ್ನೂ ಕೂಡಿಸಿ ಒಂದು ರಕ್ತ ಪರೀಕ್ಷೆ ಮಾಡಿದರು. 115ರ 15, ಡಿಎಫ್3ರ 3. ಹೀಗೆ ಬಂದ ಹೆಸರು ಸಿಎ 15-3.

ಈ ಹೆಸರು ನೀವು ನೋಡಿರಬಹುದು. ಲ್ಯಾಬಿನ ದೊಡ್ಡ ಪ್ಯಾಕೇಜುಗಳಲ್ಲಿ "ಮಹಿಳೆಯರ ಕ್ಯಾನ್ಸರ್ ತಪಾಸಣೆ" ಎಂಬ ಸಾಲಿನ ಕೆಳಗೆ ಅದು ಇರುತ್ತದೆ. ರಿಪೋರ್ಟಿನಲ್ಲಿ ಅಂಕಿ ಮೂವತ್ತರ ಆಸುಪಾಸಿಗಿಂತ ಕಡಿಮೆ ಇದ್ದರೆ ನಾರ್ಮಲ್ ಎಂದು ಬರೆದಿರುತ್ತದೆ. ಓದಿದವರು ನಿಟ್ಟುಸಿರು ಬಿಡುತ್ತಾರೆ.

ನಮಗೆ ಭಯ ಇರುವುದು ಆ ನಿಟ್ಟುಸಿರಿನ ಬಗ್ಗೆಯೇ.

ಎದೆಯ ಗಡ್ಡೆ ಜೋಳದ ಕಾಳಿನಷ್ಟೋ ಕಡಲೆಕಾಳಿನಷ್ಟೋ ಇರುವಾಗ ಅದು ರಕ್ತಕ್ಕೆ ಉದುರಿಸುವ ಪ್ರೋಟೀನು ಬಹಳ ಕಡಿಮೆ. ಆರಂಭದ ಹಂತದ ಹೆಚ್ಚಿನ ರೋಗಿಗಳಲ್ಲಿ ಸಿಎ 15-3 ನಾರ್ಮಲ್ ಎಂದೇ ಬರುತ್ತದೆ. ರೋಗ ಎಲುಬಿಗೆ, ಲಿವರಿಗೆ ಹಬ್ಬಿದ ಮೇಲೆ ಬಹುತೇಕರಲ್ಲಿ ಏರುತ್ತದೆ. ಅದು ಬೇಗ ಗೊತ್ತಾಗಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದು ಎಲ್ಲರಿಗೂ ಗೊತ್ತಾದ ಮೇಲೆ ಕೂಗುವ ಕಾವಲುಗಾರ. ಇನ್ನು ಕ್ಯಾನ್ಸರೇ ಇಲ್ಲದ ಕೆಲವರಲ್ಲೂ, ಲಿವರ್ ತೊಂದರೆ ಇದ್ದವರಲ್ಲಿ, ಎದೆಯಲ್ಲಿ ಸಾದಾ ಗಂಟು ಇದ್ದವರಲ್ಲಿ ಅದು ಏರಬಹುದು. ಅದಕ್ಕೇ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 1996ರಲ್ಲೇ ಇದನ್ನು ರೋಗ ಪತ್ತೆಗೆ ಬಳಸಬೇಡಿ ಎಂದು ಮಾರ್ಗಸೂಚಿ ಕೊಟ್ಟಿತು. 2007ರಲ್ಲೂ ಅದನ್ನೇ ಹೇಳಿತು. ರೋಗ ಹಬ್ಬಿದವರಿಗೆ ಕೊಟ್ಟ ಔಷಧಿ ನಾಟುತ್ತಿದೆಯೇ ಎಂದು ನೋಡಲು ಬೇರೆ ಪರೀಕ್ಷೆಗಳ ಜೊತೆ ಬಳಸಬಹುದು, ಅಷ್ಟೆ.

ಆ ಮಾರ್ಗಸೂಚಿ ಬಂದು ಮೂವತ್ತು ವರ್ಷವಾಯಿತು. ಪ್ಯಾಕೇಜಿನಿಂದ ಆ ಸಾಲು ಹೋಗಿಲ್ಲ. ಗಂಟು ಕೈಗೆ ಸಿಕ್ಕ ಮೇಲೂ "ರಗತದಾಗ ಏನೂ ಬಂದಿಲ್ಲ" ಎಂದು ಸುಗ್ಗಿ ಮುಗಿಯುವವರೆಗೆ, ಮದುವೆ ಮುಗಿಯುವವರೆಗೆ ಕಾದವರ ಮಾತನ್ನು ನಾವು ಕೇಳಿದ್ದೇವೆ. ಕೆಲವರ ಕೈಯಲ್ಲಿ ಸಿಎ 15-3 ಕೂಡ ಇರಲಿಲ್ಲ. ಹಿಮೋಗ್ಲೋಬಿನ್, ಬಿಳಿರಕ್ತಕಣ ಎಣಿಸಿದ ಸಾದಾ ರಿಪೋರ್ಟನ್ನೇ ಕ್ಯಾನ್ಸರ್ ಇಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡಿದ್ದರು.

ಸುಮ್ಮನೆ ಎಲ್ಲರಿಗೂ ಪರೀಕ್ಷೆ ಮಾಡಿಸಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ಹಾಕೋಣ. ಲೆಕ್ಕಕ್ಕಾಗಿ ಮಾತ್ರ ಈ ಅಂಕಿ ಇಟ್ಟುಕೊಳ್ಳಿ. ಸುತ್ತಲ ಹಳ್ಳಿಗಳ 10,000 ಹೆಣ್ಣುಮಕ್ಕಳಲ್ಲಿ 10 ಜನರಿಗೆ ರೋಗ ಇದೆ. ಪರೀಕ್ಷೆ ಬಹಳ ಒಳ್ಳೆಯದು, ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ. ರೋಗ ಇಲ್ಲದ ನೂರರಲ್ಲಿ ಐದು ಜನರಿಗೆ ಮಾತ್ರ ತಪ್ಪಾಗಿ ಇದೆ ಎನ್ನುತ್ತದೆ. ಈಗ ಕೂಡಿಸಿ. ನಿಜವಾಗಿ ರೋಗ ಇದ್ದವರು 9. ತಪ್ಪಾಗಿ ಸಿಕ್ಕವರು ಸುಮಾರು 500. ಐನೂರು ಮನೆಗಳಲ್ಲಿ ಒಲೆ ಹತ್ತುವುದಿಲ್ಲ. ಐನೂರು ಜನ ಸಾಲ ಮಾಡಿ ಹುಬ್ಬಳ್ಳಿಗೆ ಓಡುತ್ತಾರೆ. ಆ ಹತ್ತನೆಯ ಹೆಣ್ಣುಮಗಳು ಮಾತ್ರ ನಾರ್ಮಲ್ ರಿಪೋರ್ಟು ಹಿಡಿದುಕೊಂಡು ನೆಮ್ಮದಿಯಾಗಿ ಮನೆಯಲ್ಲಿ ಉಳಿಯುತ್ತಾಳೆ.

ನಮ್ಮ ರಾಜ್ಯದ ಕಡೆ ಬರೋಣ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರಲ್ಲೇ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಯಿತು. ನಮ್ಮ ಭಾಗಕ್ಕೆ ಹತ್ತಿರದ್ದು ಹುಬ್ಬಳ್ಳಿ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತಿ "ನವನಗರ" ಎಂದರೆ ಕಂಡಕ್ಟರಿಗೂ ಏನು ಕೇಳಬಾರದು ಎಂದು ಗೊತ್ತಿರುತ್ತದೆ. 1982ರಿಂದ ಕಿದ್ವಾಯಿ ಸಂಸ್ಥೆ ಬೆಂಗಳೂರು ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಪಟ್ಟಿ ಇಡುತ್ತಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಮೂರು ಇಂಥ ನೋಂದಣಿಗಳಲ್ಲಿ ಅದೂ ಒಂದು. ಪಟ್ಟಿ ಶುರುವಾದಾಗ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು. ಈಗ ಸ್ತನ ಕ್ಯಾನ್ಸರ್ ಮೊದಲ ಜಾಗಕ್ಕೆ ಬಂದಿದೆ. ಇಡೀ ದೇಶದಲ್ಲಿ 2022ರಲ್ಲಿ ಸುಮಾರು 1,92,000 ಹೆಣ್ಣುಮಕ್ಕಳಿಗೆ ಹೊಸದಾಗಿ ಈ ರೋಗ ಬಂತು, ಸುಮಾರು 98,000 ಜನ ತೀರಿಕೊಂಡರು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಸಾವು ಇಷ್ಟು ಹೆಚ್ಚಲು ಒಂದು ದೊಡ್ಡ ಕಾರಣ ತಡವಾಗಿ ಬರುವುದು.

1990ರಲ್ಲಿ ಹುಡುಕಾಟಕ್ಕೆ ಇನ್ನೊಂದು ಬಾಗಿಲು ತೆರೆಯಿತು. ಕೆಲವು ಮನೆತನಗಳಲ್ಲಿ ಅಜ್ಜಿ, ತಾಯಿ, ಮಗಳು ಎಲ್ಲರಿಗೂ ಸ್ತನ ಕ್ಯಾನ್ಸರ್ ಬರುವುದೇಕೆ ಎಂದು ಅಮೆರಿಕದ ಮೇರಿ ಕ್ಲೇರ್ ಕಿಂಗ್ ಹದಿನೇಳು ವರ್ಷ ಬೆನ್ನು ಹತ್ತಿದ್ದರು. ಇದಕ್ಕೆ ಒಂದು ವಂಶವಾಹಿ ಕಾರಣ, ಅದು ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಅದರ ಹೆಸರು ಬಿಆರ್‌ಸಿಎ1. ಸ್ವಲ್ಪ ದಿನದಲ್ಲೇ ಬಿಆರ್‌ಸಿಎ2 ಕೂಡ ಸಿಕ್ಕಿತು. ಒಂದು ಕಂಪನಿ ಇದರ ಮೇಲೆ ಪೇಟೆಂಟ್ ಹಾಕಿಕೊಂಡು ಪರೀಕ್ಷೆಗೆ ಮೂರು ಸಾವಿರ ಡಾಲರಿಗೂ ಹೆಚ್ಚು ಕೇಳುತ್ತಿತ್ತು. ಮನುಷ್ಯನ ಮೈಯೊಳಗಿನ ವಂಶವಾಹಿಗೆ ಯಾರೂ ಒಡೆಯರಾಗಲು ಬರುವುದಿಲ್ಲ ಎಂದು 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಬೆಲೆ ಇಳಿಯಿತು. ಒಳ್ಳೆಯ ತೀರ್ಪು.

ಈ ಪರೀಕ್ಷೆಯನ್ನೂ ರಕ್ತದಲ್ಲೇ ಮಾಡುತ್ತಾರೆ. ಗೊಂದಲ ಆಗುವುದು ಇಲ್ಲೇ. ಇದು ಈಗ ರೋಗ ಇದೆಯೇ ಎಂದು ಹೇಳುವುದಿಲ್ಲ. ಮುಂದೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚಿದೆಯೇ ಎಂದು ಮಾತ್ರ ಹೇಳುತ್ತದೆ. ಅದೂ ಎಲ್ಲರಿಗೂ ಬೇಕಿಲ್ಲ. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಅದು ವಂಶದಿಂದ ಬಂದಿರುತ್ತದೆ. ನಮ್ಮ ಕಡೆ "ನಮ್ಮ ತವರಾಗ ಯಾರಿಗೂ ಇಲ್ಲ" ಎನ್ನುತ್ತಾರೆ. ಆದರೆ ಈ ವಂಶವಾಹಿ ತಂದೆಯ ಕಡೆಯಿಂದಲೂ ಬರುತ್ತದೆ. ಅಪ್ಪನ ಅಕ್ಕತಂಗಿಯರು, ಅಪ್ಪನ ತಾಯಿ, ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಾಗಲಕೋಟೆ ಹೊಸ ಜಿಲ್ಲೆಯಾದ 1997ರಲ್ಲಿ ಡೆನಿಸ್ ಲೋ ಎಂಬ ವೈದ್ಯ ಬಸುರಿಯ ರಕ್ತದಲ್ಲಿ ಹೊಟ್ಟೆಯ ಕೂಸಿನ ಡಿಎನ್ಎ ಚೂರುಗಳನ್ನು ಕಂಡುಹಿಡಿದರು. 1948ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಕಂಡ ಆ ತೇಲುವ ಚೂರುಗಳಿಗೆ ಅರ್ಧ ಶತಮಾನದ ನಂತರ ಬೆಲೆ ಬಂತು. ಕೂಸಿಗೆ ಹುಟ್ಟು ತೊಂದರೆ ಇದೆಯೇ ಎಂದು ತಾಯಿಯ ರಕ್ತದಿಂದಲೇ ನೋಡುವ ಪರೀಕ್ಷೆ ಅಂಗಡಿಗೆ ಬಂತು. ಲಕ್ಷಗಟ್ಟಲೆ ಬಸುರಿಯರು ಮಾಡಿಸಿಕೊಂಡರು. ಆಗ ಪ್ರಯೋಗಾಲಯದವರಿಗೆ ಅಪರೂಪಕ್ಕೆ ಅರ್ಥವಾಗದ ರಿಪೋರ್ಟು ಬರತೊಡಗಿದವು. ಡಿಎನ್ಎ ಚೂರುಗಳ ಲೆಕ್ಕ ಪೂರಾ ಅಡ್ಡಾದಿಡ್ಡಿ. ಕೂಸು ನೋಡಿದರೆ ಆರೋಗ್ಯವಾಗಿದೆ. 2015ರಲ್ಲಿ ಬಂದ ಒಂದು ವರದಿ ಇದನ್ನು ಬಿಡಿಸಿತು. 1,25,000ಕ್ಕೂ ಹೆಚ್ಚು ಬಸುರಿಯರಲ್ಲಿ 10 ಜನ ತಾಯಂದಿರಿಗೆ ಯಾವುದೋ ಒಂದು ಕ್ಯಾನ್ಸರ್ ಇತ್ತು. ಅಡ್ಡಾದಿಡ್ಡಿ ಚೂರುಗಳು ಕೂಸಿನವಲ್ಲ, ತಾಯಿಯೊಳಗಿನ ಗಡ್ಡೆಯವು.

ಕೂಸನ್ನು ಹುಡುಕಲು ಹೋದವರ ಕೈಗೆ ಕ್ಯಾನ್ಸರ್ ಸಿಕ್ಕಿತ್ತು. ಇದೇ ದಾರಿ ಹಿಡಿದು 2016ರಲ್ಲಿ ಅಮೆರಿಕದಲ್ಲಿ ಗ್ರೇಲ್ ಎಂಬ ಕಂಪನಿ ಹುಟ್ಟಿತು. ಒಂದೇ ರಕ್ತ ಪರೀಕ್ಷೆಯಲ್ಲಿ 50ಕ್ಕೂ ಹೆಚ್ಚು ಕ್ಯಾನ್ಸರುಗಳ ಸುಳಿವು ಹುಡುಕುವ ಗ್ಯಾಲೆರಿ ಪರೀಕ್ಷೆಯನ್ನು 2021ರಲ್ಲಿ ಮಾರಾಟಕ್ಕೆ ತಂದಿತು. ಸುಳ್ಳು ಕೂಗು ಬಹಳ ಕಡಿಮೆ, ಇನ್ನೂರು ಜನರಲ್ಲಿ ಒಬ್ಬರಿಗೆ. ಇಲ್ಲಿಯವರೆಗಿನ ಪರೀಕ್ಷೆಗಳಿಗೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೇ. ಆದರೆ ಸ್ತನ ಕ್ಯಾನ್ಸರಿನ ಸಾಲಿಗೆ ಬಂದು ನೋಡಿ. ಅದೇ ವರ್ಷ ಪ್ರಕಟವಾದ ಅವರದೇ ಅಧ್ಯಯನದಲ್ಲಿ ಮೊದಲ ಹಂತದ ಸ್ತನ ಕ್ಯಾನ್ಸರ್ ಇದ್ದ ನೂರು ಜನರಲ್ಲಿ ಮೂವರನ್ನೂ ಅದು ಹಿಡಿಯಲಿಲ್ಲ. ನಾಲ್ಕನೆಯ ಹಂತದಲ್ಲಿ ಮಾತ್ರ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯಿತು. ಎದೆಯ ಚಿಕ್ಕ ಗಡ್ಡೆ ರಕ್ತಕ್ಕೆ ಚೂರು ಉದುರಿಸುವುದರಲ್ಲಿ ಬಹಳ ಜಿಪುಣ. 1869ರ ತೊಡಕು 2021ರಲ್ಲೂ ಬಿಟ್ಟಿರಲಿಲ್ಲ.

ಆಶ್‌ವರ್ತ್ ಕಂಡ ಇಡೀ ಕೋಶಗಳ ಹುಡುಕಾಟವೂ ನಿಂತಿರಲಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೆಲ್‌ಸರ್ಚ್ ಎಂಬ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಏಳೂವರೆ ಮಿಲಿ ರಕ್ತದಲ್ಲಿ ಕ್ಯಾನ್ಸರ್ ಕೋಶ ಎಷ್ಟಿವೆ ಎಂದು ಅದು ಎಣಿಸುತ್ತದೆ. ಅಷ್ಟು ರಕ್ತದಲ್ಲಿ ಕೆಂಪು ಕಣಗಳೇ ಮೂರು ಸಾವಿರ ಕೋಟಿಗೂ ಹೆಚ್ಚು. ಅವುಗಳ ನಡುವೆ ಐದು ಕ್ಯಾನ್ಸರ್ ಕೋಶ ಸಿಕ್ಕರೆ ರೋಗ ಬಿರುಸಾಗಿದೆ ಎಂದು ಲೆಕ್ಕ. ಜೋಳದ ರಾಶಿಯಲ್ಲಿ ಕಲ್ಲು ಆರಿಸಿದ್ದಕ್ಕಿಂತ ಕಷ್ಟದ ಕೆಲಸ. ಇದೂ ರೋಗ ಹಬ್ಬಿದವರಿಗೆ ಮಾತ್ರ.

ಹಬ್ಬಿದ ರೋಗದಲ್ಲಿ ರಕ್ತ ಪರೀಕ್ಷೆ ನಿಜಕ್ಕೂ ಉಪಕಾರ ಮಾಡಿದೆ. ಗಡ್ಡೆಯೊಳಗೆ ಯಾವ ಬದಲಾವಣೆ ಆಗಿದೆ ಎಂದು ರಕ್ತದ ಡಿಎನ್ಎ ಚೂರು ನೋಡಿ ಅದಕ್ಕೆ ತಕ್ಕ ಮಾತ್ರೆ ಕೊಡುವ ಪದ್ಧತಿಗೆ 2019ರಲ್ಲಿ, ಮತ್ತೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಬ್ಬಿದ ಜಾಗಕ್ಕೆಲ್ಲ ಪದೇ ಪದೇ ಸೂಜಿ ಹಾಕಿ ತುಣುಕು ತೆಗೆಯುವ ನೋವು ಕೆಲವರಿಗೆ ತಪ್ಪಿತು. ಹಾಗಾಗಿ ರಕ್ತ ಪರೀಕ್ಷೆಯೇ ಮೋಸ ಎನ್ನುವುದು ನಮ್ಮ ಮಾತಲ್ಲ. ಯಾವ ಕೆಲಸಕ್ಕೆ ಯಾವ ಹತಾರ ಎಂಬುದು ಮಾತು. ಕುಂಟೆಯಿಂದ ಬಾವಿ ತೋಡಲು ಆಗುವುದಿಲ್ಲ.

ಪತ್ರಿಕೋದ್ಯಮ ಓದಿದವರಾಗಿ 2019ರ ಒಂದು ಪ್ರಸಂಗವನ್ನು ಹೇಳದೆ ಬಿಡಲಾರೆವು. ಆ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆ ಸ್ತನ ಕ್ಯಾನ್ಸರ್ ಹಿಡಿಯುವ ರಕ್ತ ಪರೀಕ್ಷೆ ಸಿದ್ಧವಾಗಿದೆ ಎಂದು ಸುದ್ದಿಗೋಷ್ಠಿ ಮಾಡಿತು. ಅಲ್ಲಿನ ಬಿಲ್ಡ್ ಎಂಬ ದೊಡ್ಡ ಪತ್ರಿಕೆ ಇದನ್ನು ಜಗತ್ತೇ ಬೆರಗಾಗುವ ಸುದ್ದಿ ಎಂದು ಮುಖಪುಟದಲ್ಲಿ ಹಾಕಿತು. ಆ ಕೆಲಸದ ವಿವರ ಯಾವ ವಿಜ್ಞಾನ ಪತ್ರಿಕೆಯಲ್ಲೂ ಪ್ರಕಟವಾಗಿರಲಿಲ್ಲ. ಬೇರೆ ವಿಜ್ಞಾನಿಗಳು ಲೆಕ್ಕ ಕೇಳಿದಾಗ ಒಂದೊಂದೇ ಬಿಚ್ಚಿಕೊಂಡಿತು. ರೋಗ ಇಲ್ಲದ ಬಹಳ ಜನರಿಗೂ ಪರೀಕ್ಷೆ ಇದೆ ಎನ್ನುತ್ತಿತ್ತು. ಪರೀಕ್ಷೆ ಮಾರಲು ಕಟ್ಟಿದ ಕಂಪನಿಯೂ ಹಿಂದೆ ಇತ್ತು. ಆಸ್ಪತ್ರೆ ಕ್ಷಮೆ ಕೇಳಬೇಕಾಯಿತು, ತನಿಖೆ ನಡೆಯಿತು. ಹೇಳಿದಂತೆ ಆ ಪರೀಕ್ಷೆ ಪೇಟೆಗೆ ಬರಲೇ ಇಲ್ಲ. ವಾಟ್ಸಾಪಿನಲ್ಲಿ ಇಂಥ ಸುದ್ದಿ ಬಂದಾಗ ನಾವು ಈಗ ಮೊದಲು ಕೇಳುವುದು ಇಷ್ಟು: ಎಷ್ಟು ಜನರ ಮೇಲೆ ಮಾಡಿದ್ದಾರೆ, ಮೊದಲ ಹಂತದವರನ್ನು ಎಷ್ಟು ಹಿಡಿಯಿತು, ಇಲ್ಲದವರಿಗೆ ಎಷ್ಟು ಸಲ ಇದೆ ಎಂದಿತು, ಮಾರುವವರು ಯಾರು?

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ನಾಸಿಕದ ದಾತಾರ್ ಕ್ಯಾನ್ಸರ್ ಜೆನೆಟಿಕ್ಸ್ ಕಂಪನಿ ರಕ್ತದಲ್ಲಿ ತೇಲುವ ಸ್ತನ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಪರೀಕ್ಷೆ ಮಾಡಿದೆ. 2021ರಲ್ಲಿ ಅದಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆಯಿಂದ "ಬ್ರೇಕ್‌ಥ್ರೂ" ಎಂಬ ಹಣೆಪಟ್ಟಿ ಸಿಕ್ಕಿತು. 2022ರಲ್ಲಿ ಅಪೋಲೋ ಆಸ್ಪತ್ರೆಗಳ ಜೊತೆ ಭಾರತದಲ್ಲಿ ಬಿಡುಗಡೆಯಾಯಿತು. ಬ್ರೇಕ್‌ಥ್ರೂ ಎಂದರೆ ಪರೀಕ್ಷೆ ಪಾಸಾಯಿತು ಎಂದಲ್ಲ. ಭರವಸೆ ಇದೆ, ಅರ್ಜಿಯನ್ನು ಬೇಗ ನೋಡುತ್ತೇವೆ ಎಂದಷ್ಟೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಈಗ ರಿಲಯನ್ಸ್ ಕೈಯಲ್ಲಿದೆ. ಅದು 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಪರೀಕ್ಷೆ ತಂದಿತು. ರಕ್ತದ ಡಿಎನ್ಎ ಚೂರುಗಳ ಮೇಲಿನ ರಾಸಾಯನಿಕ ಗುರುತು ನೋಡಿ ಹಲವು ಕ್ಯಾನ್ಸರುಗಳ ಸುಳಿವು ಕೊಡುವ ಪರೀಕ್ಷೆ ಇದು. ಕನ್ನಡ ನಾಡಿನಲ್ಲೇ ಇಂಥ ಕೆಲಸ ನಡೆದಿರುವುದು ಹೆಮ್ಮೆಯ ವಿಷಯ. ಆದರೆ ಯಾವ ಕಂಪನಿಯದೇ ಆಗಲಿ, ಸುಳಿವು ಸಿಕ್ಕರೆ ಮುಂದೆ ಸ್ಕ್ಯಾನ್ ಮಾಡಿ, ಸೂಜಿಯಿಂದ ಗಂಟಿನ ತುಣುಕು ತೆಗೆದು ನೋಡಿದ ಮೇಲೆಯೇ ಕ್ಯಾನ್ಸರ್ ಹೌದೋ ಅಲ್ಲವೋ ಖಚಿತ. ಸುಳಿವು ಸಿಗದಿದ್ದರೆ ಕೈಗೆ ಸಿಕ್ಕ ಗಂಟು ಸುಳ್ಳಾಗುವುದಿಲ್ಲ.

ಸೂಜಿ ಹಾಕಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಇದೆ. ಅದನ್ನು ನಂಬಬೇಡಿ. ಸೂಜಿ ಪರೀಕ್ಷೆ ತಪ್ಪಿಸಿಕೊಂಡು ಕಳೆದ ತಿಂಗಳುಗಳಲ್ಲೇ ಅದು ಹಬ್ಬುವುದು.

ಈ ದುಬಾರಿ ಹುಡುಕಾಟಗಳ ಪಕ್ಕದಲ್ಲಿ ಮುಂಬಯಿಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ್ ಮಿತ್ರಾ, ರಾಜೇಂದ್ರ ಬಡವೆ ಮತ್ತು ಸಂಗಡಿಗರು 1998ರಲ್ಲಿ ಕೊಳೆಗೇರಿಗಳ 1,51,538 ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ವಯಸ್ಸು 35ರಿಂದ 64. ಅರ್ಧ ಭಾಗದವರಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಎದೆ ಮುಟ್ಟಿ ಪರೀಕ್ಷೆ ಮಾಡಿದರು. ಡಾಕ್ಟರಲ್ಲ, ಯಂತ್ರವಿಲ್ಲ, ರಕ್ತವಿಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಫಲಿತಾಂಶ ಹೇಳಿದರು. ಕೈ ಪರೀಕ್ಷೆ ಆದವರಲ್ಲಿ ರೋಗ ಮುಂದಿನ ಹಂತಕ್ಕೆ ಹೋಗುವ ಮುನ್ನವೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗಿತ್ತು. 50ಕ್ಕಿಂತ ಕೆಳಗಿನವರಲ್ಲಿ ಸಾವು ಕಡಿಮೆಯಾಗಲಿಲ್ಲ. ಎಲ್ಲ ವಯಸ್ಸಿನವರನ್ನು ಕೂಡಿಸಿದಾಗ ಕಂಡ ಇಳಿಕೆಯೂ ಗಟ್ಟಿ ಎನ್ನುವಷ್ಟಿರಲಿಲ್ಲ. ಇದನ್ನೂ ಅವರು ಮುಚ್ಚಿಡದೆ ಬರೆದರು. ಹೈಡೆಲ್‌ಬರ್ಗಿನ ಗದ್ದಲದ ಪಕ್ಕದಲ್ಲಿ ಇಟ್ಟು ನೋಡಿದರೆ ನಮಗೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ನಮ್ಮ ಹಳ್ಳಿಗಳಲ್ಲಿ ಈಗ ಇರುವ ವ್ಯವಸ್ಥೆಯೂ ಕೈ ಪರೀಕ್ಷೆಯದೇ. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಎದೆಯ ಪರೀಕ್ಷೆ ಆಗಬೇಕು. ಮಾಡುವವರು ತರಬೇತಿ ಪಡೆದ ಹೆಣ್ಣುಮಕ್ಕಳೇ ಇರುತ್ತಾರೆ, ಕೇಳಿಕೊಂಡು ಹೋಗಬಹುದು. ಗಂಟು ಸಿಕ್ಕ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ, ಗಂಟುಗಳಲ್ಲಿ ಹೆಚ್ಚಿನವು ಸಾದಾ ಗಂಟುಗಳೇ. ನೋವಿಲ್ಲ ಎಂದು ಬಿಡಲೂ ಬಾರದು, ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಮುಂದೆ ಹೋಗಬೇಕಾಗಿ ಬಂದರೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹೋಗಬೇಕು. ನೇರ ಹೋಗಿ ಬಿಲ್ಲು ಕಟ್ಟಿ ಆಮೇಲೆ ಕೇಳಿದರೆ ಕಷ್ಟ.

ಆಶಾ ಅಕ್ಕ ಮನೆಗೆ ಬಂದು ಒಂದು ಹಾಳೆ ತುಂಬುತ್ತಾರಲ್ಲ, ವಯಸ್ಸೆಷ್ಟು, ತಂಬಾಕು ತಿನ್ನುತ್ತೀರಾ, ಸೊಂಟದ ಸುತ್ತಳತೆ ಎಷ್ಟು ಎಂದು ಕೇಳುತ್ತಾರಲ್ಲ, ಆ ಹಾಳೆಯಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಕೇಳುವ ಪ್ರಶ್ನೆಗಳಿವೆ. ಎದೆಯಲ್ಲಿ ಗಂಟು ಇದೆಯೇ? ಮೊಲೆತೊಟ್ಟಿನಿಂದ ರಕ್ತ ಬೆರೆತ ನೀರು ಬರುತ್ತದೆಯೇ? ಎದೆಯ ಆಕಾರ, ಗಾತ್ರ ಬದಲಾಗಿದೆಯೇ? ಗಂಡ, ಮಾವ ಕಟ್ಟೆಯ ಮೇಲೆ ಕೂತಿರುವಾಗ ಇವನ್ನು ಕೇಳಲು ಅವರಿಗೂ ಮುಜುಗರ, ಹೇಳಲು ನಿಮಗೂ ಮುಜುಗರ. ಹೆಚ್ಚಿನ ಸಲ ಅಲ್ಲಿ ಕೇಳದೆಯೇ "ಇಲ್ಲ" ಎಂದು ಬೀಳುತ್ತದೆ. ಮುಂದಿನ ಸಲ ಅವರು ಬಂದಾಗ ಒಳಗೆ ಅಡುಗೆಮನೆಗೆ ಕರೆದು, ಒಂದು ಕಪ್ಪು ಚಹಾ ಕೊಟ್ಟು, ಆ ಮೂರು ಸಾಲನ್ನು ನೀವೇ ಓದಿಸಿ.